ಧನುರ್ಮಾಸದ ತಣ್ಣೀರು

ಟೆರೇಸಿನ ಕುಂಡದಿಂದ ಪೂಜೆಗೆ ಹೂ ಕೊಯ್ಯುತ್ತಿದ್ದ ಪುಂಡರೀಕಾಕ್ಷ ಉಪಾಧ್ಯರ ಕಾಲ ಕೆಳಗೆ ಅರ್ಧ ಕಟ್ಟಡ ಕತ್ತಲಾಯಿತು. ಅಡುಗೆಮನೆಗಳ ಕಿಟಕಿಯಿಂದ ಕಂಪೌಂಡಿನ ಮೇಲೆ ಬಿದ್ದಿದ್ದ ಬೆಳಕಿನ ಚೌಕಗಳು ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ ಅಳಿಸಿಹೋದವು. ಆಮೇಲೆ ಮೂರನೆಯ ಮಹಡಿಯ ಬಚ್ಚಲಿಂದ, ಮೈಗೆಲ್ಲ ಸಾಬೂನು ಹಚ್ಚಿಕೊಂಡಿದ್ದ ದಳವಿಯ ಕೂಗು ಕೇಳಿತು: “ಗೇಲಿ! ಪರತ್ ಗೇಲಿ!”

ಉಪಾಧ್ಯರು ಕತ್ತಲಲ್ಲೇ ತಲೆಯಾಡಿಸಿದರು. ಮತ್ತೆ ಹೋಯಿತು ಎಂದು ಕೂಗಲು ದಳವಿ ಸಾಕು. ಯಾಕೆ ಹೋಯಿತು ಎಂದು ಯೋಚಿಸಲು ಈ ಕಟ್ಟಡದಲ್ಲಿ ತಾನೊಬ್ಬನೇ ಎಂಬುದು ಸೊಸೈಟಿಯ ಸೆಕ್ರೆಟರಿಯಾದ ಅವರ ಬಹುಕಾಲದ ನಂಬಿಕೆ. ಯಾಕೆ ಎನ್ನುವುದಕ್ಕಿಂತಲೂ ಯಾರಿಂದ ಎನ್ನುವುದೇ ಅವರನ್ನು ಹೆಚ್ಚು ಕಾಡುತ್ತಿತ್ತು. ಯಾರೋ ಮೋಸ ಮಾಡುತ್ತಿದ್ದಾರೆ. ಯಾರೋ ಒಬ್ಬರು ಬೆಚ್ಚಗಿರಲೆಂದು ಉಳಿದವರೆಲ್ಲ ನಡುಗಬೇಕಾಗಿದೆ.

ಮುಂಬಯಿಯಲ್ಲಿ ಚಳಿ ಎಂದರೆ ನಗುತ್ತಾರೆ. ಬದಲಾಪುರದಲ್ಲಿ ನಗುವುದಿಲ್ಲ. ಲೋಕಲ್ ರೈಲು ಅಂಬರನಾಥ ದಾಟಿದ ಮೇಲೆ ಬಾಗಿಲಲ್ಲಿ ನಿಂತವರು ಒಳಗೆ ಸರಿಯುತ್ತಾರೆ. ಬೆಟ್ಟದ ಕಡೆಯಿಂದ ಬರುವ ಗಾಳಿ ಉಲ್ಹಾಸ ನದಿಯ ಮಂಜನ್ನೂ ಹೊತ್ತು ತರುತ್ತದೆ. ಈ ವರ್ಷ ಆ ಚಳಿ ಬಂದದ್ದು ಹೋಗುವ ಲಕ್ಷಣವನ್ನೇ ತೋರಿಸಲಿಲ್ಲ. ಗ್ಯಾಸ್ ಗೀಸರಿನಿಂದ ಕಲ್ಯಾಣದ ಕಡೆ ಯಾರೋ ಬಚ್ಚಲಲ್ಲೇ ಉಸಿರುಗಟ್ಟಿ ಬಿದ್ದರೆಂಬ ಸುದ್ದಿ ಹಬ್ಬಿದ ಮೇಲೆ ಈ ಕಟ್ಟಡದ, ಅಂದರೆ ಉಲ್ಹಾಸ ದರ್ಶನದ ಜನರೆಲ್ಲ ಕರೆಂಟಿನ ಗೀಸರಿಗೆ ಬದಲಾಗಿದ್ದರು. ಟೆರೇಸಿನ ಮೇಲೆ ಬಿಲ್ಡರ್ ಶಾಸ್ತ್ರಕ್ಕೆಂದು ಕೂರಿಸಿಹೋದ ಸೋಲಾರ್ ತಟ್ಟೆಗಳಿದ್ದವು. ಅವು ಇದುವರೆಗೆ ಕಾಯಿಸಿದ್ದು ಪಾರಿವಾಳಗಳನ್ನು ಮಾತ್ರ.

ಹೀಗೆ ಒಂದೇ ಹೊತ್ತಿಗೆ ಎಲ್ಲ ಗೀಸರುಗಳೂ ಕೆಂಪು ಕಣ್ಣು ತೆರೆದರೆ ಮೀಟರ್ ಕೋಣೆಯ ಫ್ಯೂಸು ಹಾರದೆ ಇನ್ನೇನಾದೀತು? ಅದನ್ನು ಬದಲಾಯಿಸಲು ಬಂದ ವಿದ್ಯುತ್ ಕಂಪೆನಿಯವನು ಖಡಾಖಂಡಿತವಾಗಿ ಹೇಳಿ ಹೋಗಿದ್ದ: ಮೂಲೆಯ ಟ್ರಾನ್ಸ್‌ಫಾರ್ಮರ್ ಈ ಚಳಿಗೆ ಆಗಲೇ ಏದುಸಿರು ಬಿಡುತ್ತಿದೆ, ಫ್ಯೂಸಿಗೆ ದಪ್ಪ ತಂತಿ ಹಾಕಲು ಬಿಡುವುದಿಲ್ಲ, ಹೀಗೇ ಆದರೆ ಈ ವಿಂಗಿನ ಲೈನನ್ನೇ ಕಳಚಿಡುತ್ತೇವೆ.

ಆಗ ಉಪಾಧ್ಯರು ಪಾಳಿ ಮಾಡಿದರು. ಒಂದು ಮಹಡಿಯವರ ಸ್ನಾನ ಮುಗಿದ ಮೇಲೆ ಇನ್ನೊಂದು ಮಹಡಿಯವರ ಗೀಸರ್. ಮೊದಲ ಪಾಳಿ ದಳವಿಯ ಮೂರನೆಯ ಮಹಡಿಗೆ. ಉಪಾಧ್ಯರ ಮನೆಗೆ ಮಾತ್ರ ಪಾಳಿಯೇ ಇರಲಿಲ್ಲ, ಏಕೆಂದರೆ ಅವರಿಗೆ ಬೇಕಾಗಿರಲಿಲ್ಲ. ಧನುರ್ಮಾಸ ಪೂರ್ತಿ ನಕ್ಷತ್ರ ಮಾಸುವ ಮೊದಲೇ ತಣ್ಣೀರಲ್ಲಿ ಮಿಂದು, ಮಡಿಯುಟ್ಟು, ಹುಗ್ಗಿಯ ನೈವೇದ್ಯ ಮಾಡುವುದು ಅವರ ಕ್ರಮ. ಹೆಂಡತಿ ಗಂಗಾ ಮಧ್ಯಾಹ್ನ ಮೀಯುತ್ತಿದ್ದರು, ಬಿಸಿಲು ಬಂದ ಮೇಲೆ.

“ಚಳಿ ಆಗುವುದಿಲ್ವಾ ಕಾಕಾ?” ಎಂದು ಯಾರಾದರೂ ಕೇಳಿದರೆ ಉಪಾಧ್ಯರ ಮುಖ ಅರಳುತ್ತಿತ್ತು.

“ಎಂತ ಚಳಿ ಮಾರಾಯ್ರೆ? ಭೂಮಿಯ ಒಳಗಿನ ನೀರು ಚಳಿಗಾಲದಲ್ಲಿ ತಾನೇ ಬೆಚ್ಚಗೆ ಇರ್ತದೆ. ನಮ್ಮ ಪೆರ್ಡೂರಿನ ಬಾವಿಯಲ್ಲಿ ಬೆಳಿಗ್ಗೆ ಕೊಡಪಾನ ಇಳಿಸಿದ್ರೆ ಹೊಗೆ ಏಳ್ತಿತ್ತು. ಇಲ್ಲಿಯದ್ದೂ ಬೋರ್‌ವೆಲ್ಲಿನ ನೀರೇ ಅಲ್ವಾ? ಮಿಂದು ನೋಡಿ ಒಮ್ಮೆ.”

ಮಿಂದು ನೋಡಿದವರು ಎರಡನೆಯ ಸಲ ನೋಡಲಿಲ್ಲ. ರಾತ್ರಿಯೆಲ್ಲ ಟೆರೇಸಿನ ಟ್ಯಾಂಕಿಯಲ್ಲಿ ನಿಂತ ನೀರು ಚರ್ಮ ಸುಲಿಯುವ ಹಾಗಿತ್ತು. ಇದನ್ನು ಅವರು ಹೇಳಿದಾಗ ಉಪಾಧ್ಯರಿಗೆ ಅವರ ಮೇಲೆಯೇ ಅನುಮಾನ. ನಲ್ಲಿಯಲ್ಲಿ ಮೊದಲು ಬರುವ ನೀರನ್ನು ಬಿಡಬೇಕು, ಆಮೇಲೆ ಬರುವುದನ್ನು ಹಿಡಿಯಬೇಕು. ಗಂಗಾ ಹಾಗೇ ಮಾಡುತ್ತಾಳೆ. ಅವರು ಹೂ ತರಲು ಮೇಲೆ ಹೋದಾಗ ಬಕೆಟ್ ತುಂಬಿಸಿಡುತ್ತಾಳೆ. ಬಂದು ಚೊಂಬು ಮುಳುಗಿಸಿದರೆ ಎಳೆಬಿಸಿಲಿನಂಥ ನೀರು. ಈ ಜನಕ್ಕೆ ತಾಳ್ಮೆ ಇಲ್ಲ, ಅಷ್ಟೆ.

ಆದರೆ ಪಾಳಿ ಮಾಡಿದ ಮೇಲೂ ಫ್ಯೂಸು ಹಾರುತ್ತಲೇ ಇತ್ತು, ಅದೂ ಮೊದಲ ಪಾಳಿಯ ಹೊತ್ತಿಗೇ. ಅಂದರೆ ಪಾಳಿಯಲ್ಲಿ ಇಲ್ಲದ ಯಾವುದೋ ಒಂದು ಕಾವು ಕಟ್ಟಡದೊಳಗೆ ಅಡಗಿಕೊಂಡಿತ್ತು.

ಅದು ಎಲ್ಲಿದೆ ಎಂಬುದು ಉಪಾಧ್ಯರಿಗೆ ಗೊತ್ತಿತ್ತು. ಎರಡನೆಯ ಮಹಡಿಯ ಶಂಕರೆಪ್ಪನ ಮನೆಯಲ್ಲಿ.

ಕಲ್ಯಾಣದ ಮಾರ್ಕೆಟ್ಟಿನಲ್ಲಿ ಬೇಳೆಕಾಳಿನ ವ್ಯಾಪಾರ ಮಾಡುವ ಶಂಕರೆಪ್ಪ ಇಂಡಿ ಕಡೆಯವರು. ಅವರ ಮಗಳು ವೈಶಾಲಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹಸಿ ಬಾಣಂತಿ, ಎಳೆ ಕೂಸು. ಮೊದಮೊದಲು ಹೆಂಡತಿ ಗಿರಿಜವ್ವ ಹೊರಸಿನ ಕೆಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು, ಲೋಬಾನ ಹಾಕಿ ಮಗಳನ್ನು ಕಾಸುತ್ತಿದ್ದರು. ಹೊಗೆ ಮೇಲಕ್ಕೆ ಬರುತ್ತದೆಂದು ದಳವಿ ಗಲಾಟೆ ಮಾಡಿದ. ಮರುದಿನದಿಂದ ಹೊಗೆ ನಿಂತಿತು. ಹೆಚ್ಚುಕಡಿಮೆ ಆಗಿನಿಂದಲೇ ಫ್ಯೂಸು ಹಾರತೊಡಗಿತು. ಇದ್ದಿಲು ಬಿಟ್ಟವರು ಬಾಣಂತಿಯನ್ನು ಚಳಿಯಲ್ಲಿ ಮಲಗಿಸುತ್ತಾರೆಯೇ? ರೂಮ್ ಹೀಟರ್ ತಂದಿದ್ದಾರೆ. ಇದನ್ನು ಊಹಿಸಲು ಪಂಡಿತನಾಗಬೇಕಿಲ್ಲ ಎಂದು ಉಪಾಧ್ಯರು ಕಮಿಟಿಯವರ ಮುಂದೆ ಅಂದಿದ್ದರು.

ಆ ಬೆಳಿಗ್ಗೆ ಕಂಪೆನಿಯವನು ಬಂದು ಫ್ಯೂಸು ಹಾಕಿ ಗೊಣಗಿಕೊಂಡು ಹೋದ ಮೇಲೆ ಉಪಾಧ್ಯರು ಮೆಟ್ಟಿಲಿಳಿಯುತ್ತ ಎರಡನೆಯ ಮಹಡಿಯಲ್ಲಿ ನಿಂತರು. ಸುತ್ತ ನೋಡಿದರು. ಶಂಕರೆಪ್ಪನ ಮನೆಯ ಗೋಡೆಯ ಮೇಲೆ ಮೆಲ್ಲಗೆ ಅಂಗೈ ಇಟ್ಟರು, ಒಳಗಿನ ಕಾವು ಹೊರಗೆ ಬಂದಿರಬಹುದೇ ಎಂದು.

ಬಾಗಿಲು ತೆರೆಯಿತು. ಕೈಯಲ್ಲಿ ಕಸದ ಬುಟ್ಟಿ ಹಿಡಿದ ಗಿರಿಜವ್ವ.

“ಯಾಕ್ರೀ ಉಪಾಧ್ಯಾರ, ನಮ್ಮ ಗ್ವಾಡಿಗಿ ಜ್ವರಾ ಬಂದಾವೇನು?”

ಉಪಾಧ್ಯರು ಕೈ ಹಿಂದೆಗೆದುಕೊಂಡರು. “ಅಲ್ಲ... ಸುಣ್ಣ ಏಳ್ತಾ ಉಂಟಾ ಅಂತ ನೋಡಿದ್ದು.”

“ನೋಡ್ರಿ, ನೋಡ್ರಿ. ಒಳಗೂ ಬಂದು ನೋಡ್ರಿ. ಹೀಟರ್ ಹುಡುಕಾಕತ್ತೀರಿ, ಗೊತ್ತೈತಿ ನಮಗ. ತವಾದ ಮ್ಯಾಲ ಉಪ್ಪು ಕಾಸಿ, ಅರಿವಿ ಒಳಗ ಗಂಟು ಕಟ್ಟಿ ಶಾಖಾ ಕೊಡಾಕತ್ತೀನಿ ನನ್ನ ಮಗಳಿಗಿ. ಕೈಯಾಗಿನ ಬೊಬ್ಬಿ ನೋಡ್ರಿ ಬೇಕಾರ.”

“ಅಮ್ಮ, ನಾನು ನಿಮಗೆ ಅಂತ ಹೇಳಿದ್ದಲ್ಲ. ಸೊಸೈಟಿ ಅಂದ್ಮೇಲೆ ಎಲ್ಲರದ್ದೂ ನೋಡ್ಬೇಕಾಗ್ತದೆ.”

“ಎಲ್ಲಾರ ಗ್ವಾಡಿನೂ ಮುಟ್ಟಿ ಬಂದೀರೇನು?”

ಒಳಗೆ ಕೂಸು ಅತ್ತಿತು. ವೈಶಾಲಿಯ ದನಿ, ಇಲ್ಲೇ ಹುಟ್ಟಿ ಬೆಳೆದವಳ ಮರಾಠಿಯಲ್ಲಿ, ದಣಿದು: “ಆಯಿ, ಸೋಡ್ ನಾ.” ಬಿಟ್ಟುಬಿಡು. ಗಿರಿಜವ್ವ ಬಾಗಿಲು ಹಾಕಿಕೊಂಡರು. ಉಪಾಧ್ಯರು ಅಲ್ಲೇ ಒಂದು ಗಳಿಗೆ ನಿಂತರು. ಒಳಗೆ ಬಂದು ನೋಡಿ ಎಂದವಳು ಬಾಗಿಲು ಹಾಕಿದ್ದು ಯಾಕೆ? ಗೋಡೆ ತಣ್ಣಗೇ ಇತ್ತು ನಿಜ. ಆದರೆ ಹೀಟರನ್ನು ಆಚೆ ಗೋಡೆಯ ಹತ್ತಿರ ಇಟ್ಟಿರಬಹುದಲ್ಲ.

ಸಂಜೆ ಅವರು ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ, ಯಾರ ಹೆಸರನ್ನೂ ಹೇಳದೆ, “ಎರಡನೆಯ ಮಹಡಿಯ ಒಂದು ಕುಟುಂಬ” ಎಂದು ಬರೆದರು. ಭಾನುವಾರ ಮೀಟಿಂಗ್ ಕರೆದರು. ಆ ಮನೆಯ ಲೈನನ್ನು ಕಳಚಬೇಕು ಎಂದು ದಳವಿ ಕೂಡಲೇ ಉತ್ತರ ಬರೆದ. ಶಂಕರೆಪ್ಪ ಏನನ್ನೂ ಬರೆಯಲಿಲ್ಲ. ಶುಕ್ರವಾರ ಬೆಳಿಗ್ಗೆ ಉಪಾಧ್ಯರಿಗೆ ಗೇಟಿನ ಹತ್ತಿರ ಎದುರಾದಾಗ ಅಂಗಡಿಯ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡು ಇಷ್ಟೇ ಅಂದರು:

“ಲೈನ್ ಕಳಚೂದು ಬ್ಯಾಡ್ರಿ. ಐತವಾರ ರಾತ್ರಿ ಸೊಲ್ಲಾಪುರದ ಗಾಡಿಗೆ ಮಗಳನ್ನ ಇಂಡಿಗೆ ಅತ್ತೀ ಮನೀಗೆ ಕಳಸ್ತೀನಿ. ಟಿಕೀಟ್ ತಗಿಸೀನಿ.”

ಅಷ್ಟು ಹೇಳಿ ನಡೆದುಬಿಟ್ಟರು. ಐದು ತಿಂಗಳು ತವರಲ್ಲಿರಬೇಕಾದ ಬಾಣಂತಿಯನ್ನು ಹಸಿ ಮೈಯಲ್ಲೇ ವಾಪಸು ಕಳಿಸಿದರೆ ಅವಳ ಅತ್ತೆಮನೆಯಲ್ಲಿ ಜೀವಮಾನವಿಡೀ ಆ ಮಾತು ಉಳಿಯುತ್ತದೆ ಎಂದು ಉಪಾಧ್ಯರಿಗೆ ತಿಳಿಯದ್ದೇನಲ್ಲ. ಆ ರೈಲಿನ ಬಾಗಿಲ ಸಂದಿಯ ಗಾಳಿಯೂ ತಿಳಿಯದ್ದಲ್ಲ. ಅವರ ಮನಸ್ಸು ಒಂದು ಸಲ ಅಲುಗಿತು. ತಪ್ಪು ಮಾಡದವನು ಜಗಳವಾಡದೆ ಹೀಗೆ ಸುಮ್ಮನೆ ಸೋಲುತ್ತಾನೆಯೇ ಎಂದು ಮತ್ತೆ ನೆಟ್ಟಗಾಯಿತು. ಮೌನವನ್ನು ಅವರು ಯಾವಾಗಲೂ ತಪ್ಪೊಪ್ಪಿಗೆ ಎಂದೇ ಓದಿಕೊಂಡವರು.

ಆದರೂ ಕಣ್ಣಾರೆ ನೋಡಿಬಿಡಬೇಕು ಅನ್ನಿಸಿತು. ಶನಿವಾರ ಬೆಳಗಿನ ಜಾವ ಹೂವಿನ ಹರಿವಾಣ ಹಿಡಿದು ಹೊರಟವರು ಮೇಲೆ ಹೋಗಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಕೆಳಗಿಳಿದು, ಮೀಟರ್ ಕೋಣೆಯ ಬೀಗ ತೆಗೆದು ಒಳಗೆ ಸೇರಿಕೊಂಡರು.

ಕತ್ತಲ ಕೋಣೆಯಲ್ಲಿ ಗೋಡೆ ತುಂಬ ಮೀಟರುಗಳು. ಪ್ರತಿಯೊಂದರಲ್ಲೂ ಒಂದು ಕೆಂಪು ಚುಕ್ಕಿ ಮಿಣುಕುತ್ತಿತ್ತು. ಮನೆಯಲ್ಲಿ ಕರೆಂಟು ಹೆಚ್ಚು ಎಳೆದಷ್ಟೂ ಮಿಣುಕು ಚುರುಕು. ಮೂರನೆಯ ಮಹಡಿಯವರ ಗೀಸರುಗಳು ಹೊತ್ತಿಕೊಂಡವು, ಅವರ ಚುಕ್ಕಿಗಳು ಓಡತೊಡಗಿದವು. ಸರಿ, ಅದು ಅವರ ಪಾಳಿ. ಉಪಾಧ್ಯರು ಮೊಬೈಲಿನ ಬೆಳಕಿನಲ್ಲಿ ಶಂಕರೆಪ್ಪನ ಮೀಟರು ಹುಡುಕಿದರು. ಅದು ನಿದ್ದೆಗಣ್ಣಿನಲ್ಲಿ ರೆಪ್ಪೆ ಬಡಿಯುವ ಹಾಗೆ, ಬಲು ನಿಧಾನವಾಗಿ, ಆಗೊಮ್ಮೆ ಈಗೊಮ್ಮೆ ಮಿಣುಕುತ್ತಿತ್ತು. ಒಂದು ಬಲ್ಬು ಇದ್ದೀತು ಅಲ್ಲಿ. ಹೆಚ್ಚೆಂದರೆ ಎರಡು.

ಅಷ್ಟರಲ್ಲಿ ಮೇಲಿನ ಸಾಲಿನಲ್ಲಿ, ಅಷ್ಟು ಹೊತ್ತು ತೂಕಡಿಸುತ್ತಿದ್ದ ಒಂದು ಚುಕ್ಕಿ ಇದ್ದಕ್ಕಿದ್ದಂತೆ ಹುಚ್ಚೆದ್ದು ಮಿಣುಕತೊಡಗಿತು. ಸಿಕ್ಕಿದ! ಉಪಾಧ್ಯರು ಪಂಚೆಯ ಅಂಚಿನಿಂದ ಮೀಟರಿನ ಧೂಳು ಒರೆಸಿ ನಂಬರು ನೋಡಿದರು. ಅವರದ್ದೇ ಮನೆ.

ಅವರಿಗೆ ತಕ್ಷಣ ಹೊಳೆದದ್ದು ಒಂದೇ: ಶಂಕರೆಪ್ಪ ತನ್ನ ಹೀಟರಿನ ವಯರನ್ನು ನಮ್ಮ ಮೀಟರಿಗೆ ಸಿಕ್ಕಿಸಿದ್ದಾನೆ! ಇರು, ತೋರಿಸುತ್ತೇನೆ ಎಂದುಕೊಂಡು ತಮ್ಮ ಮೀಟರಿನ ಕೆಳಗಿನ ಮೇನ್ ಸ್ವಿಚ್ಚನ್ನು ಟಪ್ಪೆಂದು ಇಳಿಸಿದರು. ಚುಕ್ಕಿ ಸತ್ತಿತು. ಉಪಾಧ್ಯರು ಕಿವಿಗೊಟ್ಟು ನಿಂತರು. ಈಗ ಎರಡನೆಯ ಮಹಡಿಯಲ್ಲಿ ಸದ್ದಾಗಬೇಕು. ಹೀಟರ್ ಯಾಕೆ ಆರಿತೆಂದು ಗಿರಿಜವ್ವ ಗಂಡನನ್ನು ಕೂಗಬೇಕು.

ಎರಡನೆಯ ಮಹಡಿ ಸುಮ್ಮನಿತ್ತು. ಅದಕ್ಕಿಂತಲೂ ಮೇಲೆ, ನಾಲ್ಕನೆಯ ಮಹಡಿಯಲ್ಲಿ, ಅವರದ್ದೇ ಬಾಗಿಲು ಕಿರುಗುಟ್ಟಿತು. ಗಂಗಾ ಮೆಟ್ಟಿಲ ಕಡೆ ಬಂದು ಟೆರೇಸಿನ ದಿಕ್ಕಿಗೆ ಕೂಗಿ ಅಂದದ್ದು ಕೆಳಗಿನವರೆಗೂ ಕೇಳಿಸಿತು: “ಇವರೇ, ಇಳಿಯುವಾಗ ಜಾಗ್ರತೆ. ನಮ್ಮ ಮನೆಯಲ್ಲಿ ಕರೆಂಟು ಹೋಯ್ತು.”

ಉಪಾಧ್ಯರು ಸ್ವಿಚ್ಚನ್ನು ಮೇಲೆತ್ತಿ, ಮೆಟ್ಟಿಲು ಹತ್ತಿದರು. ಹೆಂಡತಿಯನ್ನು ದಾಟಿ ನೆಟ್ಟಗೆ ಬಚ್ಚಲಿಗೆ ಹೋದರು. ಬಕೆಟಿನ ಅಂಚಿಗೆ ನೀರು ಕಾಯಿಸುವ ರಾಡು ತೂಗುಬಿದ್ದಿತ್ತು. ಅದರ ವಯರು ಹೊರಗಿನ ವಾಷಿಂಗ್ ಮೆಶಿನ್ನಿನ ಪ್ಲಗ್ಗಿನವರೆಗೆ ಬಂದಿತ್ತು. ನೀರಿನ ಮೇಲೆ, ಪೆರ್ಡೂರಿನ ಬಾವಿಯಲ್ಲಿ ಏಳುತ್ತಿದ್ದಂಥದೇ ತೆಳು ಹೊಗೆ.

ಗಂಗಾ ಬಂದು ಬಾಗಿಲಲ್ಲಿ ನಿಂತರು. ಇಬ್ಬರೂ ಆ ಬಕೆಟನ್ನೇ ನೋಡಿದರು. ಉಪಾಧ್ಯರಿಗೆ ಎಷ್ಟೋ ಕೇಳಬೇಕೆನಿಸಿತು, ಆದರೆ ಯಾವ ಪ್ರಶ್ನೆಯನ್ನು ಎತ್ತಿಕೊಂಡರೂ ಅದರ ತುದಿ ತಮ್ಮ ಕಡೆಗೇ ತಿರುಗಿತ್ತು. ಗಂಗಾ ಸ್ವಿಚ್ ಆರಿಸಿ, ರಾಡು ತೆಗೆದು, ಒರೆಸಿ, ಸೀರೆಯ ಸೆರಗಿನಲ್ಲಿ ಮುಚ್ಚಿಕೊಳ್ಳದೆ ಎಲ್ಲರೂ ನೋಡುವ ಹಾಗೆ ಮೊಳೆಗೆ ನೇತುಹಾಕಿದರು. ಉಪಾಧ್ಯರು ಬಾಗಿಲು ಹಾಕಿಕೊಂಡು ಅದೇ ನೀರಲ್ಲಿ ಮಿಂದರು.

ಭಾನುವಾರ ಬೆಳಿಗ್ಗೆ ಅವರು ಹೂ ಕೊಯ್ದು ಬಂದಾಗ ಬಕೆಟ್ ತುಂಬಿತ್ತು, ರಾಡು ಮೊಳೆಯಲ್ಲೇ ಇತ್ತು. ಮೊದಲ ಚೊಂಬು ಹೊಯ್ದುಕೊಂಡಾಗ ಉಸಿರು ಎದೆಯಲ್ಲೇ ಕಚ್ಚಿಕೊಂಡಿತು. ಎರಡನೆಯದಕ್ಕೆ ಗೋಡೆ ಹಿಡಿದರು. ಮೂರನೆಯದನ್ನು ಹೊಯ್ದುಕೊಳ್ಳಲಾಗಲಿಲ್ಲ. ನಡುಗುತ್ತ ಹೊರಗೆ ಬಂದಾಗ ಗಂಗಾ ಒಣಗಿದ ಪಂಚೆ ಹಿಡಿದು ನಿಂತಿದ್ದರು. ಎರಡು ವರ್ಷದ ಹಿಂದೆ ಕಲ್ಯಾಣದ ಡಾಕ್ಟರು ಎದೆ ಪರೀಕ್ಷೆ ಮಾಡಿ, ತಣ್ಣೀರು ಬೇಡ ಎಂದದ್ದು ಉಪಾಧ್ಯರಿಗೆ ಆಗ ನೆನಪಾಯಿತು. ಆ ಡಾಕ್ಟರಿಗೆ ಧನುರ್ಮಾಸ ಅಂದರೇನೆಂದು ಗೊತ್ತುಂಟಾ ಎಂದು ಅವರು ಲೋಕಲ್ ರೈಲಿನಲ್ಲಿ ಬರುವ ದಾರಿಯುದ್ದಕ್ಕೂ ನಕ್ಕಿದ್ದರು. ಪಕ್ಕದಲ್ಲಿ ಗಂಗಾ ಕಿಟಕಿಯಿಂದ ಹೊರಗೆ ನೋಡುತ್ತ ಕೂತಿದ್ದರು.

ಮತ್ತು ಆ ಭಾನುವಾರ ಫ್ಯೂಸು ಹಾರಲಿಲ್ಲ.

ಅದೇ ದೊಡ್ಡ ಕೇಡಾಯಿತು. ಸಂಜೆ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಮಫ್ಲರು ಸುತ್ತಿಕೊಂಡು ಮೀಟಿಂಗಿಗೆ ಕೂತವರಿಗೆಲ್ಲ ಅದೊಂದೇ ಮಾತು. ದಳವಿ ಎದ್ದು ನಿಂತು ಕೈ ಬೀಸಿ ಮರಾಠಿಯಲ್ಲಿ ಭಾಷಣವನ್ನೇ ಮಾಡಿದ: “ನೋಡಿ, ಮಗಳನ್ನು ಕಳಿಸುತ್ತೇನೆ ಎಂದು ಇವರು ಹೇಳಿದರು, ಹೀಟರ್ ಮೂಟೆ ಕಟ್ಟಿದರು, ಇವತ್ತು ಫ್ಯೂಸು ಗಟ್ಟಿಯಾಗಿ ನಿಂತಿತು. ಇನ್ನೇನು ಸಾಕ್ಷಿ ಬೇಕು? ಉಪಾಧ್ಯೆ ಕಾಕಾ ಮೊದಲೇ ಹೇಳಿದ್ದರು.”

ಶಂಕರೆಪ್ಪ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದರು. ಅವರ ಹಿಂದೆ ಮೆಟ್ಟಿಲ ಬಳಿ ಎರಡು ಬ್ಯಾಗುಗಳು ಆಗಲೇ ಕೆಳಗಿಳಿದಿದ್ದವು. ಬ್ಯಾಗಿನ ಬಾಯಿಂದ ಕೂಸಿನ ಕುಲಾವಿಯ ದಾರವೊಂದು ಹೊರಬಿದ್ದಿತ್ತು.

ಉಪಾಧ್ಯರು ಸುಮ್ಮನಿದ್ದುಬಿಡಬಹುದಿತ್ತು. ರಾಡು ಮೊಳೆಯಲ್ಲೇ ಇದ್ದರೆ, ಇನ್ನುಳಿದ ಧನುರ್ಮಾಸವನ್ನು ಎರಡು ಚೊಂಬಿನಲ್ಲಿ ಮುಗಿಸಿದರೆ, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಗಂಗಾ ಹೇಳುವವಳಲ್ಲ. ಸುಮ್ಮನಿರುವುದು ಎಷ್ಟು ಸುಲಭ ಎಂಬುದೇ ಅವರನ್ನು ಹೆದರಿಸಿತು. ಅವರು ಎದ್ದರು.

“ಹೀಟರ್ ಅವರ ಮನೆಯಲ್ಲಿ ಇಲ್ಲ. ಫ್ಯೂಸು ಹಾರ್ತಾ ಇದ್ದದ್ದು ನಮ್ಮ ಮನೆಯಿಂದ. ನನ್ನ ಸ್ನಾನದ ನೀರು ರಾಡಿನಲ್ಲಿ ಕಾಯ್ತಾ ಇತ್ತು.” ಮೊದಲು ಕನ್ನಡದಲ್ಲಿ ಅಂದರು, ಆಮೇಲೆ ಮರಾಠಿಯಲ್ಲಿ.

ದಳವಿ ನಕ್ಕ. ನಗು ಕುರ್ಚಿಯಿಂದ ಕುರ್ಚಿಗೆ ಹಬ್ಬಿತು.

“ಕಾಕಾ, ಇಡೀ ಬದಲಾಪುರಕ್ಕೆ ತಣ್ಣೀರಿನ ಕೀರ್ತನೆ ಮಾಡಿದವರು ನೀವು! ಈಗ ನಿಮ್ಮವರ ಮಗಳು ಹೋಗುತ್ತಾಳೆಂದು ತಪ್ಪನ್ನು ತಲೆಯ ಮೇಲೆ ಹಾಕಿಕೊಳ್ಳುತ್ತೀರಾ? ಬಘಾ, ಕಾನಡಿ ಲೋಕ ಏಕ್ ಝಾಲೆ!” ಕನ್ನಡದವರೆಲ್ಲ ಒಂದಾದರು ನೋಡಿ.

“ನಾನು ಸುಳ್ಳು ಹೇಳುವುದಿಲ್ಲ,” ಎಂದರು ಉಪಾಧ್ಯರು.

“ಈಗ ಹೇಳುತ್ತಿಲ್ಲವೋ, ಮೊದಲು ಹೇಳುತ್ತಿರಲಿಲ್ಲವೋ?”

ಎರಡೂ ನಿಜ ಎಂದರೆ ಯಾರು ನಂಬುತ್ತಾರೆ? ಇಷ್ಟು ದಿನ ಅವರು ಮಂದಿಯ ಮುಖದಲ್ಲಿ ಹುಡುಕುತ್ತಿದ್ದುದನ್ನು ಈಗ ಮಂದಿ ಅವರ ಮುಖದಲ್ಲಿ ಹುಡುಕುತ್ತಿದ್ದರು. ಎಲ್ಲ ಕಣ್ಣುಗಳೂ ಸಣ್ಣಗಾಗಿದ್ದವು.

“ಮೊದಲ ಪಾಳಿಯವರು ಗೀಸರ್ ಹಾಕಿ ಬನ್ನಿ,” ಎಂದ ದನಿ ಮೆಟ್ಟಿಲ ಕಡೆಯಿಂದ ಬಂತು. ಮೀಟಿಂಗಿಗೆ ಎಂದೂ ಬಾರದ ಗಂಗಾ ಅಲ್ಲಿ ನಿಂತಿದ್ದರು. ಹರಕುಮುರುಕು ಮರಾಠಿಯಲ್ಲಿ ಮತ್ತೊಮ್ಮೆ ಹೇಳಿದರು. “ಹಾಕಿ ನಮ್ಮ ಮನೆಗೆ ಬನ್ನಿ. ನೋಡಿ ಹೋಗಿ.”

ದಳವಿ ತಮಾಷೆ ನೋಡುವವನ ಹಾಗೆ ಹೋಗಿ ಗೀಸರ್ ಹಾಕಿ ಬಂದ. ಅವನ ಮಹಡಿಯ ಉಳಿದವರೂ ಹಾಕಿದರು. ಉಪಾಧ್ಯರ ಬಚ್ಚಲ ಬಾಗಿಲಲ್ಲಿ, ಹೊರಗಿನ ಪಡಸಾಲೆಯಲ್ಲಿ, ಮೆಟ್ಟಿಲ ಮೇಲೆ, ಎಲ್ಲೆಲ್ಲೂ ಜನ. ಮಡಿ ಬಟ್ಟೆ ಒಣಗಹಾಕಿದ್ದ ಹಗ್ಗದ ಕೆಳಗೆ ಯಾರೋ ಶೂ ಹಾಕಿಕೊಂಡೇ ನಿಂತಿದ್ದರು. ಉಪಾಧ್ಯರು ನೋಡಿಯೂ ನೋಡದಂತಿದ್ದರು. ಗಂಗಾ ಬಕೆಟಿಗೆ ನೀರು ಬಿಟ್ಟು, ರಾಡು ಇಳಿಸಿ, ಸ್ವಿಚ್ ಒತ್ತಿದರು.

ಏನೂ ಆಗಲಿಲ್ಲ. ಬಚ್ಚಲ ಬಲ್ಬು ಉರಿಯುತ್ತಲೇ ಇತ್ತು. ರಾಡಿನ ಸುತ್ತ ಸಣ್ಣ ಗುಳ್ಳೆಗಳೆದ್ದವು. ದಳವಿ ಪಕ್ಕದವನಿಗೆ ಮೊಣಕೈಯಿಂದ ತಿವಿದ. ಶಂಕರೆಪ್ಪ ಕೈಗಡಿಯಾರ ನೋಡಿಕೊಂಡು ಮೆಟ್ಟಿಲ ಕಡೆ ತಿರುಗಿದರು. ಹಾರು, ಹಾರು ಎಂದು ಉಪಾಧ್ಯರು ಮನಸ್ಸಿನಲ್ಲೇ ಬೇಡಿಕೊಂಡರು. ಆ ಪ್ರಾರ್ಥನೆಯಷ್ಟು ಶ್ರದ್ಧೆ ಅವರ ಯಾವ ಪೂಜೆಯಲ್ಲೂ ಇದ್ದಿರಲಾರದು.

ಬಲ್ಬು ಆರಿತು. ಹಾಲಿನ ಟಿವಿ ಆರಿತು. ಕೆಳಗಿನ ಮಹಡಿಗಳಿಂದ ಮಿಕ್ಸರಿನ ಸದ್ದು, ರೇಡಿಯೋದ ಹಾಡು ಒಮ್ಮೆಲೇ ಕಳಚಿ ಬಿದ್ದವು. ಆ ನಿಶ್ಶಬ್ದದಲ್ಲಿ ಎರಡನೆಯ ಮಹಡಿಯ ಕೂಸು ಅಳುವುದು ನಾಲ್ಕನೆಯ ಮಹಡಿಯವರೆಗೂ ಸ್ಪಷ್ಟವಾಗಿ ಕೇಳಿಸಿತು.

ದಳವಿ ಈ ಸಲ “ಗೇಲಿ” ಎಂದು ಕೂಗಲಿಲ್ಲ. ಮಫ್ಲರ್ ಸರಿಮಾಡಿಕೊಂಡು, ಕಂಪೆನಿಗೆ ಫೋನು ಮಾಡುತ್ತೇನೆ ಎಂದು ಗೊಣಗುತ್ತ ಮೊದಲು ಹೊರಟವನು ಅವನೇ. ಉಳಿದವರು ಒಬ್ಬೊಬ್ಬರಾಗಿ ಇಳಿದರು. ಶಂಕರೆಪ್ಪ ಬಾಗಿಲಲ್ಲಿ ನಿಂತು, ಜನರ ಹಿಂದೆ ಬಂದು ನಿಂತಿದ್ದ ಹೆಂಡತಿಗೆ ಅಂದರು, “ಟಿಕೀಟ್ ಕ್ಯಾನ್ಸಲ್ ಮಾಡಸ್ತೀನಿ. ಬ್ಯಾಗ್ ಮ್ಯಾಲ ತರಸು.”

ಗಿರಿಜವ್ವ ಗಂಡನ ಹಿಂದೆ ಹೋಗಲಿಲ್ಲ. ಉಪಾಧ್ಯರ ಎದುರು ಬಂದು ನಿಂತರು.

“ಖರೇ ಹೇಳಿದ್ರಿ, ಚೊಲೋ ಆತು. ಆದ್ರ ನನ್ನ ಮಗಳು ನಿನ್ನಿಯಿಂದ ಒಂದs ಸವನ ಅತ್ತಾಳ. ಹಾಲು ಬತ್ತೇತಿ ಅವಳಿಗೆ. ಅದನ್ನ ಯಾ ಫ್ಯೂಸ್ ಹಾಕಿ ರಿಪೇರಿ ಮಾಡ್ತೀರಿ ಹೇಳ್ರಿ.”

ಗಿರಿಜವ್ವ ಉತ್ತರಕ್ಕೆ ಕಾಯಲಿಲ್ಲ. ಹೋಗುವಾಗ ಗಂಗಾರ ಮುಂಗೈಯನ್ನು ಒಮ್ಮೆ ಹಿಡಿದು ಬಿಟ್ಟರು. ಹಿಡಿದದ್ದು ಕನಿಕರಕ್ಕೋ ಸಿಟ್ಟಿಗೋ, ಉಪಾಧ್ಯರಿಗೆ ತಿಳಿಯಲಿಲ್ಲ.

ಮನೆ ಖಾಲಿಯಾಯಿತು. ಗಂಗಾ ನೆಲದ ಮೇಲಿನ ಶೂಗಳ ಗುರುತು ಒರೆಸತೊಡಗಿದರು. ಉಪಾಧ್ಯರು ಬಚ್ಚಲ ಹೊಸ್ತಿಲಲ್ಲೇ ಕೂತರು.

“ಎರಡು ವರ್ಷದಿಂದವಾ?”

ಗಂಗಾ ಒರೆಸುತ್ತಲೇ ಇದ್ದರು. “ಹೇಳಿದ್ರೆ ಕೇಳ್ತಿದ್ರಾ ನೀವು?”

ಹೋದ ವರ್ಷದ ಚಳಿಗಾಲವನ್ನು, ಅದರ ಹಿಂದಿನದ್ದನ್ನು ಉಪಾಧ್ಯರು ನೆನಪಿನಿಂದ ಒಂದೊಂದಾಗಿ ಎತ್ತಿ ಮುಟ್ಟಿ ನೋಡಿದರು. ಬೇರೆ ಏನೇನು ಹೀಗೆ ಅವರಿಗೆ ತಿಳಿಯದಂತೆ ಬೆಚ್ಚಗಾಗಿ ಅವರ ಕೈಗೆ ಬಂದಿತ್ತು? ಊಟದಲ್ಲಿ ಉಪ್ಪು ಕಡಿಮೆಯಾದದ್ದು ಯಾವಾಗಿನಿಂದ?

“ನಾಳೆಗೆ ನೀರು ಹೇಗೆ ಇಡಲಿ, ಅದು ಹೇಳಿ,” ಎಂದರು ಗಂಗಾ.

ಕೆಳಗೆ ಯಾರೋ ಬ್ಯಾಗುಗಳನ್ನು ಮೆಟ್ಟಿಲ ಮೇಲೆ ಎಳೆದುಕೊಂಡು ಹತ್ತುವ ಸದ್ದು ಎರಡನೆಯ ಮಹಡಿಯಲ್ಲಿ ನಿಂತಿತು.

“ದಳವಿಯವರ ಪಾಳಿ ಶುರುವಾಗುವುದಕ್ಕಿಂತ ಮೊದಲು ರಾಡು ಇಡು,” ಎಂದರು ಉಪಾಧ್ಯರು. “ನಾನೇ ಬೇಗ ಏಳ್ತೇನೆ.”